ಸ್ಮರಣೆಯ ತಿಂಗಳುಗಳು ಮತ್ತು ಸಂಬಳದ ಪುಸ್ತಕ

ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳಿಗೂ ಅಂಚಿಗೆ ತಳ್ಳಲ್ಪಟ್ಟ ಸಮುದಾಯಗಳಿಗೂ ಸಲ್ಲಬೇಕಾದ ನ್ಯಾಯದ ಕುರಿತು ಈ ಸಲ ಉತ್ತರ ಕನ್ನಡ ಜಿಲ್ಲೆಯಿಂದಲೇ ಹಲವು ಪತ್ರಗಳು ಬಂದಿವೆ. ಒಂದಕ್ಕೊಂದು ಹೊಂದಿಕೊಂಡಿರುವ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರನ್ನೂ ಅವರು ದುಡಿಯುವ ಸಂಸ್ಥೆಗಳ ಹೆಸರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಕಾರವಾರದ ಖಾಸಗಿ ಸಂಸ್ಥೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಪ್ರಧಾನ ಕಚೇರಿ ಅಮೆರಿಕದಲ್ಲಿದೆ. ಫೆಬ್ರವರಿಯಲ್ಲಿ ಕಪ್ಪು ಜನರ ಇತಿಹಾಸದ ತಿಂಗಳನ್ನೂ ಮಾರ್ಚ್‌ನಲ್ಲಿ ಮಹಿಳಾ ಇತಿಹಾಸದ ತಿಂಗಳನ್ನೂ ಆಚರಿಸಿ, ಫೋಟೊ ಕಳಿಸಿ ಎಂದು ಅಲ್ಲಿಂದ ಸೂಚನೆ ಬಂದಿದೆ. ‘ಅಮೆರಿಕದ ಆಚರಣೆ ನಮಗೇಕೆ’ ಎಂದು ನಮ್ಮವರು ಕೇಳುತ್ತಾರೆ. ನಾನು ಏನು ಹೇಳಲಿ?

ಉತ್ತರ: ನಿಮ್ಮ ಸಹೋದ್ಯೋಗಿಗಳು ಕೇಳಿದ್ದರಲ್ಲಿ ತಪ್ಪಿಲ್ಲ. ಸೂಚನೆ ಬಂತೆಂದು ಬ್ಯಾನರ್ ಕಟ್ಟಿ, ದೀಪ ಹಚ್ಚಿ, ಫೋಟೊ ಕಳಿಸಿದರೆ ಕಾರವಾರದಲ್ಲಿಯೂ ಏನೂ ಬದಲಾಗುವುದಿಲ್ಲ, ಅಮೆರಿಕದಲ್ಲಿಯೂ ಬದಲಾಗುವುದಿಲ್ಲ. ಆದರೆ ಈ ತಿಂಗಳುಗಳು ಹುಟ್ಟಿದ ಕಾರಣ ಬೇರೆಯೇ ಇದೆ. ಅದನ್ನು ಅವರಿಗೆ ಮೊದಲು ತಿಳಿಸಿ.

ಕಾರ್ಟರ್ ಜಿ. ವುಡ್ಸನ್ ಎಂಬವರು 1875ರಲ್ಲಿ ವರ್ಜೀನಿಯಾದಲ್ಲಿ, ಹಿಂದೆ ಗುಲಾಮರಾಗಿದ್ದ ತಂದೆತಾಯಿಯ ಮಗನಾಗಿ ಹುಟ್ಟಿದರು. ಕಲ್ಲಿದ್ದಲ ಗಣಿಯಲ್ಲಿ ದುಡಿದು, ಇಪ್ಪತ್ತರ ಹರೆಯದಲ್ಲಿ ಹೈಸ್ಕೂಲು ಸೇರಿ, 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದರು. ತಾನು ಓದಿದ ಇತಿಹಾಸದ ಪುಸ್ತಕಗಳಲ್ಲಿ ತನ್ನ ಜನರೇ ಇಲ್ಲವೆಂಬುದು ಅವರನ್ನು ಕಾಡಿತು. ದಾಖಲಾದ ಇತಿಹಾಸವಿಲ್ಲದ ಜನ ಲೋಕದ ಲೆಕ್ಕಕ್ಕೇ ಬರುವುದಿಲ್ಲವೆಂದು ಅವರು ಬಲವಾಗಿ ನಂಬಿದ್ದರು. ಅದಕ್ಕಾಗಿ 1915ರಲ್ಲಿ ಕಪ್ಪು ಜನರ ಬದುಕು ಮತ್ತು ಇತಿಹಾಸದ ಅಧ್ಯಯನಕ್ಕೆ ಒಂದು ಸಂಘ ಕಟ್ಟಿದರು, ಮರುವರ್ಷ ಸಂಶೋಧನಾ ಪತ್ರಿಕೆಯೊಂದನ್ನು ಹೊರಡಿಸಿದರು, 1926ರ ಫೆಬ್ರವರಿಯ ಎರಡನೆಯ ವಾರವನ್ನು ಈ ಇತಿಹಾಸಕ್ಕೆಂದು ಮೀಸಲಿಟ್ಟರು. ಅಬ್ರಹಾಂ ಲಿಂಕನ್ ಅವರ ಜನ್ಮದಿನವಾದ 12ನೆಯ ತಾರೀಖು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾನ್ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ ಅವರ ಜನ್ಮದಿನವೆಂದು ಆಚರಿಸುತ್ತಿದ್ದ 14ನೆಯ ತಾರೀಖು, ಎರಡೂ ಆ ವಾರದಲ್ಲಿ ಬರುತ್ತಿದ್ದವು. ಶಾಲಾ ಶಿಕ್ಷಕರಿಗೆ ಪಾಠಕ್ಕೆ ಬೇಕಾದ ಸಾಮಗ್ರಿ ಒದಗಿಸುವುದು ಆ ವಾರದ ಮುಖ್ಯ ಕೆಲಸವಾಗಿತ್ತು. 50 ವರ್ಷ ಕಳೆದ ಮೇಲೆ, 1976ರಲ್ಲಿ ಅದು ತಿಂಗಳಾಯಿತು. ಮಹಿಳಾ ಇತಿಹಾಸದ ಆಚರಣೆಯೂ ಹಾಗೆಯೇ ಬೆಳೆದದ್ದು: 1978ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಎಂಬ ಕೌಂಟಿಯ ಶಾಲೆಗಳಲ್ಲಿ ಒಂದು ವಾರವಾಗಿ ಆರಂಭವಾಯಿತು, 1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದನ್ನು ರಾಷ್ಟ್ರೀಯ ವಾರವೆಂದು ಘೋಷಿಸಿದರು, 1987ರಲ್ಲಿ ಮಾರ್ಚ್ ಪೂರ್ತಿ ಅದಕ್ಕೆ ಸಂದಿತು.

ಇತಿಹಾಸಕ್ಕೂ ಕಚೇರಿಯ ಸಂಬಳಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ನಾನು ಹೇಳುವುದು ಅಮೆರಿಕದ ಒಂದು ನ್ಯಾಯಾಲಯದ ಪ್ರಕರಣವನ್ನು. ದೊಡ್ಡ ಮೋಟಾರು ಕಂಪನಿಯೊಂದು 1964ಕ್ಕಿಂತ ಮೊದಲು ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡದ್ದು ಇಲ್ಲವೆನ್ನುವಷ್ಟು ಕಡಿಮೆ. ಆ ವರ್ಷ ಬಂದ ನಾಗರಿಕ ಹಕ್ಕುಗಳ ಕಾಯ್ದೆ, ಬಣ್ಣ, ಧರ್ಮ, ಲಿಂಗ ಇತ್ಯಾದಿಗಳ ಆಧಾರದಲ್ಲಿ ಉದ್ಯೋಗ ನಿರಾಕರಿಸುವಂತಿಲ್ಲವೆಂದು ವಿಧಿಸಿದ ಮೇಲೆ ಅವರು ಒಳಗೆ ಬಂದರು. ಕೆಲವೇ ವರ್ಷಗಳಲ್ಲಿ ಆರ್ಥಿಕ ಕುಸಿತ ಬಂದು ಜನರನ್ನು ಕಡಿಮೆ ಮಾಡಬೇಕಾದಾಗ ‘ಕೊನೆಗೆ ಸೇರಿದವರು ಮೊದಲು ಹೊರಗೆ’ ಎಂಬ ಸೇವಾ ಹಿರಿತನದ ನಿಯಮ ಜಾರಿಯಾಯಿತು. 1970ರ ನಂತರ ಸೇರಿದ ಕಪ್ಪು ಹೆಂಗಸರೆಲ್ಲ ಕೆಲಸ ಕಳೆದುಕೊಂಡರು. ಐವರು ನ್ಯಾಯಾಲಯಕ್ಕೆ ಹೋದರು. ಕಂಪನಿಯಲ್ಲಿ ಹೆಂಗಸರಿದ್ದಾರೆ, ಆದ್ದರಿಂದ ಲಿಂಗಭೇದವಿಲ್ಲ. ವರ್ಣಭೇದವೆಂಬ ದೂರು ಬೇರೆ, ಅದನ್ನು ಬೇರೆಯಾಗಿಯೇ ನೋಡಬೇಕು. ಎರಡನ್ನೂ ಕೂಡಿಸಿ ಹೊಸದೊಂದು ವರ್ಗ ಮಾಡಲಾಗದು ಎಂಬ ಧಾಟಿಯಲ್ಲಿ ನ್ಯಾಯಾಲಯ 1976ರಲ್ಲಿ ಅವರ ವಾದವನ್ನು ತಳ್ಳಿಹಾಕಿತು. ಕಂಪನಿಯ ಹೆಂಗಸರೆಂದರೆ ಕಚೇರಿಯ ಬಿಳಿಯ ಹೆಂಗಸರು, ಕಪ್ಪು ಜನರೆಂದರೆ ಕಾರ್ಖಾನೆಯ ಗಂಡಸರು ಎಂಬುದು ತೀರ್ಪಿನಲ್ಲಿ ಎದ್ದು ಕಾಣಲಿಲ್ಲ. ಕಾನೂನು ಪಂಡಿತೆ ಕಿಂಬರ್ಲೆ ಕ್ರೆನ್ಶಾ 1989ರಲ್ಲಿ ಬರೆದ ಪ್ರಬಂಧದಲ್ಲಿ ಈ ಪ್ರಕರಣವನ್ನೇ ಮುಂದಿಟ್ಟು, ಎರಡು ಬಗೆಯ ತಾರತಮ್ಯ ಒಬ್ಬಳ ಮೇಲೆಯೇ ಕೂಡಿ ಬೀಳುವ ಬಗೆಯನ್ನು ವಿವರಿಸಿದರು. ಹಿರಿತನದ ನಿಯಮದಲ್ಲಿ ಯಾರ ಬಣ್ಣವೂ ಬರೆದಿರಲಿಲ್ಲ. ಆದರೂ ಬಾಗಿಲು ಮುಚ್ಚಿದ್ದ ವರ್ಷಗಳ ಅನ್ಯಾಯವನ್ನು ಆ ನಿಯಮ ಹೊಸ ಕಾಲಕ್ಕೆ ಹೊತ್ತು ತಂದಿತು. ಹಿಂದಿನದನ್ನು ತಿಳಿಯದವನಿಗೆ ಅಲ್ಲಿ ಅನ್ಯಾಯವೇ ಕಾಣಿಸುವುದಿಲ್ಲ, ಮತ್ತು ನನ್ನ ಪ್ರಕಾರ ಇತಿಹಾಸಕ್ಕೊಂದು ತಿಂಗಳು ಬೇಕಾಗಿರುವುದು ಈ ಕಾರಣಕ್ಕೆ.

ಇನ್ನೊಬ್ಬರ ಬದುಕನ್ನೂ ನಿಮ್ಮ ಸಭೆಯಲ್ಲಿ ಹೇಳಬಹುದು. ಮೇರಿ ಜಾಕ್ಸನ್ ಮುಂದೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಆಗಿ ಬೆಳೆದ ಸಂಸ್ಥೆಯಲ್ಲಿ, ಕಪ್ಪು ಹೆಂಗಸರಿಗೆಂದೇ ಪ್ರತ್ಯೇಕವಾಗಿದ್ದ, ಗಣಿತದ ಲೆಕ್ಕ ಮಾಡುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದವರು. ಎಂಜಿನಿಯರ್ ಆಗಲು ಬೇಕಾದ ತರಗತಿಗಳು ಬಿಳಿಯರ ಶಾಲೆಯಲ್ಲಿ ನಡೆಯುತ್ತಿದ್ದುದರಿಂದ, ಅಲ್ಲಿ ಕೂರಲು ವಿಶೇಷ ಅನುಮತಿ ಕೇಳಿ ಪಡೆದು, 1958ರಲ್ಲಿ ಆ ಸಂಸ್ಥೆಯ ಮೊದಲ ಕಪ್ಪು ಮಹಿಳಾ ಎಂಜಿನಿಯರ್ ಆದರು. ಮೇಲಿನ ಹುದ್ದೆಗಳ ಬಾಗಿಲು ತನ್ನಂಥವರಿಗೆ ತೆರೆಯುವುದಿಲ್ಲವೆಂದು ಕಂಡುಕೊಂಡು, 1979ರಲ್ಲಿ ಹುದ್ದೆಯಲ್ಲಿ ಕೆಳಗಿಳಿದು, ಹೆಣ್ಣುಮಕ್ಕಳ ನೇಮಕ ಮತ್ತು ಬಡ್ತಿಯನ್ನು ನೋಡಿಕೊಳ್ಳುವ ಕೆಲಸವನ್ನು ತಾವೇ ಆರಿಸಿಕೊಂಡರು. 2020ರಲ್ಲಿ ಸಂಸ್ಥೆಯ ಪ್ರಧಾನ ಕಚೇರಿಗೆ ಅವರ ಹೆಸರಿಡುವುದಾಗಿ ಘೋಷಿಸಿದರು. ಗಗನಯಾತ್ರಿಗಳ ಕಥೆಯಲ್ಲಿ ಬಾರದ, ನಿಮ್ಮದರಂಥ ವಿಭಾಗದ ಕಡತಗಳಲ್ಲಿ ಮಾತ್ರ ಕಾಣಬಹುದಾದ ಕೆಲಸವನ್ನು ಆಕೆ ದೊಡ್ಡದೆಂದು ತಿಳಿದರು. ಸಿಬ್ಬಂದಿ ವಿಭಾಗದಲ್ಲಿರುವ ನಿಮಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತೋಚುವುದಿಲ್ಲ.

ಆದುದರಿಂದ ಮಾರ್ಚ್‌ನಲ್ಲಿ ಸಮಾರಂಭಕ್ಕೆ ಮೊದಲು ಹಾಜರಿ ಪುಸ್ತಕವನ್ನೂ ಬಡ್ತಿಯ ಕಡತವನ್ನೂ ತೆರೆದು ಕುಳಿತುಕೊಳ್ಳಿ. ಕಾಯಂ ನೌಕರರಲ್ಲಿ ಹೆಂಗಸರು ಯಾವ ಹುದ್ದೆಯವರೆಗೆ ತಲುಪಿದ್ದಾರೆ, ಗುತ್ತಿಗೆದಾರನ ಮೂಲಕ ಬಂದು ನೆಲ ಒರೆಸುವವರಲ್ಲಿ, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರಲ್ಲಿ ಯಾರಿದ್ದಾರೆ, ಹೆರಿಗೆ ರಜೆಯಿಂದ ಹಿಂದಿರುಗಿದವರ ಬಡ್ತಿ ಎಷ್ಟು ತಡವಾಗಿದೆ ಎಂಬುದನ್ನು ನೋಡಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರವಾಯಿತು, ಮತ್ತು 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ವ್ಯವಸ್ಥೆ ಇರಬೇಕು. ಅದು ಕಾಗದದಲ್ಲಿದೆಯೋ, ಮಗುವನ್ನು ನಿಜವಾಗಿ ಮಲಗಿಸಬಹುದಾದ ಕೋಣೆಯಲ್ಲಿದೆಯೋ ಪರೀಕ್ಷಿಸಿ. ಫೆಬ್ರವರಿಯ ವಿಷಯಕ್ಕೆ ಬಂದರೆ, ಆಫ್ರಿಕಾ ಮೂಲದ ಜನರ ಇತಿಹಾಸಕ್ಕಾಗಿ ನೀವು ಕಡಲು ದಾಟಬೇಕಿಲ್ಲ. ಈ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲೂಕುಗಳಲ್ಲಿ ಸಿದ್ದಿಗಳು ತಲೆತಲಾಂತರದಿಂದ ಬಾಳುತ್ತಿದ್ದಾರೆ. ಅವರನ್ನು ಕರೆಯುವ ಮೊದಲು ಮುಂದಿನ ಪತ್ರವನ್ನು ದಯವಿಟ್ಟು ಓದಿ.

ಪ್ರಶ್ನೆ: ನಾನು ಯಲ್ಲಾಪುರ ತಾಲೂಕಿನ ಸಿದ್ದಿ ಹುಡುಗಿ. ಪದವಿ ಮುಗಿಸಿ ಊರಿಂದ ದೂರ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ‘ಯಾವ ದೇಶ ನಿಮ್ಮದು’ ಎಂದು ಕೇಳುವವರು, ಕೇಳದೆ ಕೂದಲು ಮುಟ್ಟಿ ನೋಡುವವರು ಇದ್ದಾರೆ. ಈ ಸಲ ಕಚೇರಿಯ ಕಾರ್ಯಕ್ರಮದಲ್ಲಿ ನಾನು ಸೊಪ್ಪು ಕಟ್ಟಿಕೊಂಡು ಕುಣಿಯಬೇಕೆಂದು ಮೇಲಧಿಕಾರಿ ಹೇಳಿದ್ದಾರೆ. ನನಗೆ ಕುಣಿತ ಬರುವುದಿಲ್ಲ. ಹೇಗೆ ಬೇಡವೆನ್ನಲಿ ಮೇಡಂ?

ಉತ್ತರ: ನೀವು ಬೇಡವೆನ್ನಬಹುದು, ಮತ್ತು ಅದಕ್ಕೆ ಕುಣಿತ ಬಾರದೆಂಬ ಕಾರಣವೂ ಬೇಕಿಲ್ಲ. ಲೆಕ್ಕಪತ್ರದ ಕೆಲಸಕ್ಕೆ ನೇಮಕವಾದವರನ್ನು ಅವರ ಮೈಬಣ್ಣ ನೋಡಿ ವೇದಿಕೆಗೆ ಹತ್ತಿಸುವುದು ಗೌರವವಲ್ಲ. ‘ಈ ಕೆಲಸ ನನ್ನ ಹುದ್ದೆಗೆ ಸೇರಿದ್ದಲ್ಲ, ನನ್ನ ಸಮುದಾಯವನ್ನು ಹೀಗೆ ತೋರಿಸುವುದು ನನಗೆ ಒಪ್ಪಿಗೆಯಿಲ್ಲ’ ಎಂದು ಎರಡು ಸಾಲು ಬರೆದು ಇಮೇಲ್ ಕಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ನಾಳೆ ಇರುವುದಿಲ್ಲ. ಬರೆದದ್ದಕ್ಕೆ ತಾರೀಖು ಇರುತ್ತದೆ. ಕೂದಲು ಮುಟ್ಟುವ ವಿಚಾರವನ್ನೂ ಅದೇ ಪತ್ರದಲ್ಲಿ ಬರೆಯಿರಿ, ಯಾರು, ಯಾವಾಗ, ಎಲ್ಲಿ ಎಂಬುದರ ಸಮೇತ.

ನಿಮ್ಮ ಬೆನ್ನಿಗೆ ಇರುವ ಕಾನೂನು ನಿಮಗೆ ತಿಳಿದಿರಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದಾರೆ. ಆದ್ದರಿಂದ, ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರದ ವ್ಯಕ್ತಿಯೊಬ್ಬ ಸಾರ್ವಜನಿಕರ ಕಣ್ಣೆದುರು ಉದ್ದೇಶಪೂರ್ವಕವಾಗಿ ನಿಮ್ಮನ್ನು ಹೀನಾಯವಾಗಿ ನಡೆಸಿಕೊಂಡರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯವಾಗುತ್ತದೆ. ಎಲ್ಲ ಅವಿವೇಕವೂ ಆ ಕಾಯ್ದೆಯೊಳಗೆ ಬರುವುದಿಲ್ಲ. ತಿಳಿಯದೆ ಆಡಿದ ಮಾತನ್ನು ತಿಳಿಹೇಳಿ ಸರಿಪಡಿಸಬಹುದು. ಆದರೆ ಬೇಡವೆಂದ ಮೇಲೂ ಮುಂದುವರಿದರೆ ಅದನ್ನು ತಿಳಿಯದೆ ಆದದ್ದೆಂದು ಯಾರೂ ಹೇಳುವಂತಿಲ್ಲ.

‘ಯಾವ ದೇಶ’ ಎಂದು ಕೇಳುವವರಿಗೆ ಉತ್ತರಿಸಲೇಬೇಕಾದ ಹೊಣೆ ನಿಮ್ಮ ಮೇಲಿಲ್ಲ, ಓದುಗರಿಗಾಗಿ ನಾನು ಇಲ್ಲಿ ಹೇಳುತ್ತೇನೆ. ಆಫ್ರಿಕಾದ ಕರಾವಳಿಯಿಂದ ಪೋರ್ಚುಗೀಸರು ಮತ್ತು ಇತರ ವ್ಯಾಪಾರಿಗಳು ಗುಲಾಮರನ್ನಾಗಿ ಹಿಡಿದು ತಂದವರಲ್ಲಿ ಹಲವರು ಗೋವೆಯಿಂದ ತಪ್ಪಿಸಿಕೊಂಡು, ಘಟ್ಟದ ಈ ದಟ್ಟ ಕಾಡುಗಳನ್ನು ಸೇರಿಕೊಂಡರು. ಇಲ್ಲಿಯ ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮನೆಯಲ್ಲಿ ಕೊಂಕಣಿಯ ಒಂದು ರೂಪ, ಹೊರಗೆ ಕನ್ನಡ, ಕೆಲವೆಡೆ ಮರಾಠಿ. ಅಂದರೆ ಈ ಪತ್ರಿಕೆಯ ಓದುಗರ ಅನೇಕ ಕುಟುಂಬಗಳು ಇಂದಿನ ಊರಿಗೆ ಬಂದು ನೆಲೆಸುವ ಮೊದಲೇ ಸಿದ್ದಿಗಳು ಇಲ್ಲಿದ್ದಿರಬಹುದು. ದಖ್ಖನಿನ ರಾಜಕಾರಣವನ್ನೇ ನಡೆಸಿದ ಮಲಿಕ್ ಅಂಬರ್ ಅಬಿಸೀನಿಯಾದಿಂದ, ಅಂದರೆ ಇಂದಿನ ಇಥಿಯೋಪಿಯದಿಂದ, ಗುಲಾಮನಾಗಿ ಬಂದು ಅಹಮದ್‌ನಗರದ ಪ್ರಧಾನ ಮಂತ್ರಿಯ ಪದವಿಗೇರಿದವರು, 1626ರಲ್ಲಿ ತೀರಿಕೊಂಡರು. ನಮ್ಮ ಕಾಲಕ್ಕೆ ಬಂದರೆ, ಗುಜರಾತಿನ ಸಿದ್ದಿ ಸಮುದಾಯದ ಹೀರಾಬಾಯಿ ಲೋಬಿ ಹೆಂಗಸರನ್ನು ಸಂಘಟಿಸಿದ್ದಕ್ಕಾಗಿ 2023ರಲ್ಲಿ ಪದ್ಮಶ್ರೀ ಪಡೆದರು, ಯಲ್ಲಾಪುರ ತಾಲೂಕಿನವರೇ ಆದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿ ಎನಿಸಿದರು.

ಡಮಾಮಿ ಎಂಬ ಸಿದ್ದಿ ವಾದ್ಯದ ಬಡಿತವಾಗಲಿ, ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ ಒಳಮುಖವಾಗಿ ಸುತ್ತು ಸುತ್ತು ಹೊಲಿದುಕೊಂಡು ಬಂದು ಸಿದ್ದಿ ಹೆಂಗಸರು ಮಾಡುವ ಕೌದಿಯಾಗಲಿ, ತಮ್ಮಷ್ಟಕ್ಕೆ ದೊಡ್ಡ ಕಲೆಗಳು. ಅವುಗಳನ್ನು ಬಲ್ಲವರನ್ನು ಸಂಸ್ಥೆ ಕರೆಯುವುದಾದರೆ ಕಲಾವಿದರಿಗೆ ಕೊಡುವ ಸಂಭಾವನೆಯನ್ನೇ ಕೊಟ್ಟು, ಪ್ರಯಾಣದ ವೆಚ್ಚ ಭರಿಸಿ, ಏನು ಪ್ರದರ್ಶಿಸಬೇಕೆಂಬುದನ್ನು ಅವರಿಗೇ ಬಿಟ್ಟು ಕರೆಯಲಿ. ನಿಮ್ಮ ವಿಷಯದಲ್ಲಿ ಸಂಸ್ಥೆ ಮಾಡಬೇಕಾದ ಗೌರವ ಬೇರೆ: ಲೆಕ್ಕಪತ್ರ ವಿಭಾಗದ ತರಬೇತಿಗೆ, ಮುಂದಿನ ಬಡ್ತಿಗೆ ಅರ್ಹರ ಪಟ್ಟಿ ಮಾಡುವಾಗ ನಿಮ್ಮ ಹೆಸರನ್ನು ಬಿಡದೆ ಬರೆಯುವುದು. ಅದನ್ನೂ ಕೇಳಿ, ಸಂಕೋಚಪಡಬೇಡಿ.

ಪ್ರಶ್ನೆ: ಹೊನ್ನಾವರದಿಂದ ಬರೆಯುತ್ತಿದ್ದೇನೆ. ಹೆಂಗಸರಿಗೆ ಒಂದು ದಿನ, ಒಂದು ತಿಂಗಳು, ಮೀಸಲಾತಿ, ಎಲ್ಲವೂ ಇದೆ. ಎಲ್ಲರನ್ನೂ ಸಮಾನವಾಗಿ ನೋಡಿದರೆ ಸಾಲದೆ? ಗಂಡಸರಿಗೆ ಏನಿದೆ?

ಉತ್ತರ: ನವೆಂಬರ್ 19ನ್ನು ಪುರುಷರ ದಿನವೆಂದು ಹಲವು ದೇಶಗಳಲ್ಲಿ ಆಚರಿಸುತ್ತಾರೆ, ಗಂಡಸರ ಆರೋಗ್ಯದ ಕುರಿತು, ದೋಣಿಯಲ್ಲಿ ಹಗಲು ರಾತ್ರಿ ದುಡಿಯುವವರ ಸುರಕ್ಷತೆಯ ಕುರಿತು ಆ ದಿನ ಮಾತಾಡುವುದು ಒಳ್ಳೆಯದೇ. ಸಮಾನವಾಗಿ ನೋಡುವ ವಿಷಯಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ನಸುಕಿಗೆ ದಕ್ಕೆಗೆ ಬಂದು ಮೀನು ಕೊಂಡು, ಬುಟ್ಟಿ ಹೊತ್ತು ಪೇಟೆಗೆ ಹೋಗಿ, ಮಧ್ಯಾಹ್ನ ಇಳಿಯುವವರೆಗೆ ಕುಳಿತು ಮಾರುವ ಹೆಂಗಸರಿಗೆ ಎಷ್ಟೋ ಕಡೆ ಹತ್ತಿರದಲ್ಲಿ ಶೌಚಾಲಯವಿಲ್ಲ. ಅಲ್ಲಿ ಗಂಡಸರಿಗೂ ಇಲ್ಲ, ಅಂದಮೇಲೆ ವ್ಯವಸ್ಥೆ ಸಮಾನವೇ. ಆದರೆ ಬೆಳಗಿನಿಂದ ನೀರು ಕುಡಿಯದೆ ಕುಳಿತುಕೊಳ್ಳುವವರು ಯಾರೆಂದು ನೀವೇ ಒಂದು ದಿನ ಪೇಟೆಯಲ್ಲಿ ನಿಂತು ನೋಡಿ, ಆಮೇಲೆ ಬರೆಯಿರಿ.

ಪ್ರಶ್ನೆ: ಶಿರಸಿ ಸಮೀಪದ ಹಳ್ಳಿ ನಮ್ಮದು, ಅಡಿಕೆ ತೋಟವಿದೆ. ನಮ್ಮಲ್ಲಿ ಮೊದಲಿನಿಂದಲೂ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಈ ವರ್ಷ ವ್ಯವಹಾರ ನನ್ನ ಕೈಗೆ ಬಂದಿದೆ. ಇದನ್ನು ಸರಿಮಾಡಬೇಕೆಂದಿದ್ದೇನೆ. ಮನೆಯವರು ‘ಗಂಡಸರ ಕೆಲಸ ಕಷ್ಟದ್ದು, ಸುತ್ತಲಿನವರು ಕೊಡದಿದ್ದಾಗ ನಾವೇಕೆ’ ಎನ್ನುತ್ತಾರೆ. ಕಾನೂನು ಏನು ಹೇಳುತ್ತದೆ?

ಉತ್ತರ: ನಿಮ್ಮಂಥವರು ಕೇಳುವುದು ಅಪರೂಪ, ಅದಕ್ಕಾಗಿ ವಿವರವಾಗಿಯೇ ಬರೆಯುತ್ತೇನೆ.

ಸಮಾನ ಕೆಲಸಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಾನ ವೇತನವಿರಬೇಕೆಂಬುದು ಸಂವಿಧಾನದ 39ನೆಯ ವಿಧಿಯಲ್ಲಿ ರಾಜ್ಯಕ್ಕೆ ಕೊಟ್ಟ ನಿರ್ದೇಶನ. ಅದನ್ನು ಕಾನೂನಾಗಿಸಿದ್ದು 1976ರ ಸಮಾನ ವೇತನ ಕಾಯ್ದೆ. ಅದರ ತಿರುಳನ್ನು 2019ರ ವೇತನ ಸಂಹಿತೆ ತನ್ನೊಳಗೆ ತೆಗೆದುಕೊಂಡಿದೆ. ಎರಡರಲ್ಲಿಯೂ ಮುಖ್ಯವಾದದ್ದು ‘ಅದೇ ಕೆಲಸ ಅಥವಾ ಅದೇ ಬಗೆಯ ಕೆಲಸ’ ಎಂಬ ಅಳತೆ. ಹಡಗು ವ್ಯವಹಾರದ ಕಂಪನಿಯೊಂದರಲ್ಲಿ ಮಹಿಳಾ ಸ್ಟೆನೊಗ್ರಾಫರುಗಳಿಗೆ ಗಂಡಸರಿಗಿಂತ ಕಡಿಮೆ ಸಂಬಳ ಕೊಡುತ್ತಿದ್ದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, 1987ರ ತೀರ್ಪಿನಲ್ಲಿ ನ್ಯಾಯಾಲಯವು ಸಣ್ಣಪುಟ್ಟ ವ್ಯತ್ಯಾಸಗಳನ್ನು ಹಿಡಿದು ಕೂರದೆ ಕೆಲಸದ ಒಟ್ಟು ಸ್ವರೂಪವನ್ನು ನೋಡಬೇಕೆಂದಿತು. ಸಮಾನ ವೇತನ ಕೊಡುವಷ್ಟು ಆರ್ಥಿಕ ಶಕ್ತಿಯಿಲ್ಲವೆಂಬ ನೆಪವನ್ನೂ ಒಪ್ಪಲಿಲ್ಲ. ಸರ್ಕಾರ ಗೊತ್ತುಪಡಿಸುವ ಕನಿಷ್ಠ ಕೂಲಿಯಲ್ಲಿ ಹೆಣ್ಣಿಗೊಂದು ಗಂಡಿಗೊಂದು ದರವಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಕೆಲಸಗಳಲ್ಲಿ ಕೆರೆಯ ಹೂಳೆತ್ತಿದ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಸಿಕ್ಕಿದ್ದನ್ನು ನಿಮ್ಮ ಊರಿನವರೂ ನೋಡಿದ್ದಾರೆ.

ಇನ್ನು ತೋಟದ ಲೆಕ್ಕ. ಕೊನೆಗೌಡನ ಕೂಲಿ ಹೆಚ್ಚಿರುವುದು ನ್ಯಾಯವೇ. ಮಳೆಯಲ್ಲಿ ಪಾಚಿಗಟ್ಟಿದ ಮರ ಹತ್ತಿ, ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಔಷಧಿ ಹೊಡೆಯುವುದು, ಕೊನೆ ಕೊಯ್ಯುವುದು ಜೀವ ಪಣಕ್ಕಿಟ್ಟು ಮಾಡುವ ಕೆಲಸ. ಅವನಿಗೆ ಕೊಡುವುದರಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಬೇಡಿ, ವಿಮೆಯನ್ನೂ ಮಾಡಿಸಿ. ಆದರೆ ಆ ಹೆಚ್ಚಿನ ಕೂಲಿಯನ್ನು ತೋರಿಸಿ, ಮರ ಹತ್ತದ ಗಂಡಾಳಿಗೂ ಹೆಣ್ಣಾಳಿಗಿಂತ ಹೆಚ್ಚು ಕೊಡುವುದಕ್ಕೆ ಆಧಾರವಿಲ್ಲ. ಬೆಟ್ಟದಿಂದ ಸೊಪ್ಪು ಹೊರುವುದು, ದರಕು ಎಂಬ ಒಣಗಿದೆಲೆ ಗುಡಿಸಿ ತರುವುದು, ಕೊಟ್ಟಿಗೆ ಗೊಬ್ಬರವನ್ನು ತಲೆಯ ಮೇಲೆ ಹೊತ್ತು ತೋಟದ ಇಳಿಜಾರಿನಲ್ಲಿ ಇಳಿಯುವುದು ಹಗುರದ ಕೆಲಸವೆಂದು ಹೇಳುವವರು ಒಂದು ಹೊರೆಯನ್ನು ಹೊತ್ತು ನೋಡಲಿ.

ಸುಗ್ಗಿಯ ಕಾಲದಲ್ಲಿ ಅಡಿಕೆ ಸುಲಿಯುವ ಅಂಗಳದಲ್ಲಿ ಸ್ವಲ್ಪ ಹೊತ್ತು ಕುಳಿತು ಗಮನಿಸಿ. ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಅಲಗಿಗೆ ಕಾಯಿಯನ್ನು ಒಮ್ಮೆ ಚುಚ್ಚಿ ಸಿಪ್ಪೆಯನ್ನು ಎಳೆದು, ಒಳಗಿನ ಬೆಟ್ಟೆಗೆ ಗಾಯವಾಗದಂತೆ ಬೇರ್ಪಡಿಸುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಮತ್ತು ರಾತ್ರಿಯವರೆಗೆ ನಡೆಯುತ್ತದೆ. ಬೆರಳುಗಳು ಚೊಗರಿನಿಂದ ಕಪ್ಪಾಗಿ, ಸೀಳಿದ ಚರ್ಮಕ್ಕೆ ಬಟ್ಟೆಯ ಚೂರು ಸುತ್ತಿಕೊಂಡಿರುತ್ತಾರೆ. ಕಾಯಿ ಗಾಯವಾದರೆ ಮಾರುಕಟ್ಟೆಯಲ್ಲಿ ದರ ಇಳಿಯುತ್ತದೆ, ಆದ್ದರಿಂದ ನಿಮ್ಮ ರಾಶಿಯ ಬೆಲೆ ನಿಂತಿರುವುದು ಈ ಕೈಗಳ ಮೇಲೆ. ಇದನ್ನು ಕೌಶಲವೆಂದು ಎಣಿಸುವವರು ಕಡಿಮೆ. ಸುಲಿದ ಡಬ್ಬಿಗೆ ಇಷ್ಟೆಂಬ ಲೆಕ್ಕದಲ್ಲಿ ಕೊಡುವಾಗ ಗಂಡು ಹೆಣ್ಣಿಗೆ ಒಂದೇ ದರವಿರಬಹುದು, ಆದರೂ ದಿನದ ಕೂಲಿಗೆ ಹೋಲಿಸಿದರೆ ಡಬ್ಬಿಯ ದರ ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಿ ನೋಡಿ.

ಶಿರಸಿ ಕಡೆಯ ಕೆಲವು ಮನೆಗಳ ಆಳಿನ ಲೆಕ್ಕದ ಪುಸ್ತಕಗಳನ್ನು ನಾನು ನೋಡಿದ್ದೇನೆ. ಗಂಡಸರ ಹೆಸರುಗಳು ಇರುತ್ತವೆ, ಹೆಂಗಸರಿಗೆ ‘ಇಂಥವನ ಹೆಂಡತಿ’, ‘ಇಂಥವನ ಸೊಸೆ’ ಎಂದಿರುತ್ತದೆ, ಕೆಲವೆಡೆ ‘ಹೆಣ್ಣಾಳು’ ಎಂದು ಬರೆದು ಮುಂದೆ ಬರೀ ಸಂಖ್ಯೆ ಇರುತ್ತದೆ. ವುಡ್ಸನ್ ಕಂಡ ಇತಿಹಾಸದ ಪುಸ್ತಕದಲ್ಲಿ ಅವರ ಜನರಿಗೆ ಆದದ್ದು ಇಲ್ಲಿ ಮನೆಯ ಜಗುಲಿಯ ಮೇಲೆಯೇ ಆಗುತ್ತಿದೆ. ಪುಸ್ತಕ ಈಗ ನಿಮ್ಮ ಕೈಯಲ್ಲಿದೆ. ಪ್ರತಿಯೊಬ್ಬಳ ಹೆಸರನ್ನು ಬರೆಯಿರಿ, ಕೂಲಿಯನ್ನು ಅವಳ ಕೈಗೇ ಅಥವಾ ಅವಳ ಖಾತೆಗೇ ಕೊಡಿ, ಗಂಡನ ಕೈಗಲ್ಲ.

‘ಸುತ್ತಲಿನವರು ಕೊಡದಿದ್ದಾಗ’ ಎಂಬ ಮಾತು ದೇಶದೇಶಗಳಲ್ಲಿ ಕೇಳಿಬಂದದ್ದು. ಐಸ್‌ಲ್ಯಾಂಡಿನ ಸುಮಾರು ಶೇ 90 ಹೆಂಗಸರು 1975ರ ಅಕ್ಟೋಬರ್ 24ರಂದು ಕಚೇರಿ, ಕಾರ್ಖಾನೆ, ಅಡುಗೆಮನೆ ಎಲ್ಲದರ ಕೆಲಸವನ್ನೂ ನಿಲ್ಲಿಸಿದರು. ಮೀನು ಸಂಸ್ಕರಿಸುವ ಕಾರ್ಖಾನೆಗಳು ಮುಚ್ಚಿದವು, ತಂದೆಯಂದಿರು ಮಕ್ಕಳನ್ನು ಕಚೇರಿಗೆ ಕರೆದುಕೊಂಡು ಹೋದರು. ಮರುವರ್ಷ ಅಲ್ಲಿಯ ಸಂಸತ್ತು ಸಮಾನ ಹಕ್ಕುಗಳ ಕಾಯ್ದೆ ತಂದಿತು. 2018ರಲ್ಲಿ ಜಾರಿಯಾದ ಕಾನೂನು, 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ತಾವು ಸಮಾನ ವೇತನ ಕೊಡುತ್ತಿದ್ದೇವೆಂದು ಪ್ರಮಾಣಪತ್ರ ಪಡೆದು ತೋರಿಸಬೇಕೆಂದಿತು. ಅಂದರೆ ತನಗೆ ಕಡಿಮೆ ಸಿಕ್ಕಿದೆಯೆಂದು ಕೆಲಸದವಳು ಸಾಬೀತುಮಾಡಬೇಕಾದ ಹೊಣೆ ತಿರುಗಿ, ಕೊಡುವವರ ಮೇಲೆ ಬಿತ್ತು. ನೀವು ನಿಮ್ಮ ಅಂಗಳದಲ್ಲಿ ಮಾಡಹೊರಟಿರುವುದೂ ಅದನ್ನೇ. ಪಕ್ಕದ ತೋಟದವರು ಮೊದಲು ಆಕ್ಷೇಪಿಸುತ್ತಾರೆ. ಮುಂದಿನ ಸುಗ್ಗಿಗೆ ಒಳ್ಳೆಯ ಸುಲಿಯುವವರು ನಿಮ್ಮ ಮನೆಗೇ ಮೊದಲು ಬಂದಾಗ ಅವರೂ ದರ ವಿಚಾರಿಸುತ್ತಾರೆ.

ಪ್ರಶ್ನೆ: ಅಂಕೋಲಾ ಕಡೆಯ ಸಣ್ಣ ಅಂಗಡಿಯೊಂದರಲ್ಲಿ ನಾವು ನಾಲ್ಕು ಜನ ಹೆಣ್ಣುಮಕ್ಕಳು ಕೆಲಸ ಮಾಡುತ್ತೇವೆ. ಮಾಲೀಕರ ನಡತೆ ಸರಿಯಿಲ್ಲ. ಇಷ್ಟು ಸಣ್ಣ ಜಾಗಕ್ಕೆ ಕಾನೂನು ಇದೆಯೆ?

ಉತ್ತರ: ಇದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನರಿರುವಲ್ಲಿ ಸಂಸ್ಥೆಯೊಳಗೇ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಜನರಿರುವಲ್ಲಿ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದಾಗ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಮನೆಗೆಲಸದವರಿಗೂ ಇದು ಅನ್ವಯಿಸುತ್ತದೆ. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಬರೆಯಲು ಬಾರದಿದ್ದರೆ ಬರೆಸಿಕೊಡುವ ಹೊಣೆಯೂ ಸಮಿತಿಯದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಕಾರವಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ತುರ್ತಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಈ ಕಾನೂನು ದೊಡ್ಡ ಕಚೇರಿಗಳವರು ತಂದುಕೊಟ್ಟದ್ದಲ್ಲವೆಂಬುದೂ ನಿಮಗೆ ತಿಳಿದಿರಲಿ. ರಾಜಸ್ಥಾನದ ಹಳ್ಳಿಯಲ್ಲಿ ಬಾಲ್ಯವಿವಾಹ ತಡೆಯಲು ಹೋದ ಕಾರಣಕ್ಕೆ 1992ರಲ್ಲಿ ಅತ್ಯಾಚಾರಕ್ಕೊಳಗಾದ ಗ್ರಾಮೀಣ ಕಾರ್ಯಕರ್ತೆ ಭಂವರಿ ದೇವಿಯವರು ಬಾಯಿ ಮುಚ್ಚಿ ಕೂರಲಿಲ್ಲವಾದ್ದರಿಂದ, 1997ರಲ್ಲಿ ಸುಪ್ರೀಂ ಕೋರ್ಟ್ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಕುರಿತು ವಿಶಾಖಾ ತೀರ್ಪು ಕೊಟ್ಟಿತು, ಅದರಿಂದ ಈ ಕಾಯ್ದೆ ಬಂತು. ನಾಲ್ವರೂ ಒಟ್ಟಾಗಿ ಹೋಗಿ.

ಪ್ರಶ್ನೆ: ನಾನು ಕುಮಟಾದ ಪ್ರೌಢಶಾಲೆಯೊಂದರ ಶಿಕ್ಷಕಿ. ಮಾರ್ಚ್ ಬಂದರೆ ಮಕ್ಕಳು ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ ಎಂದು ಬರೆದು ಮುಗಿಸುತ್ತಾರೆ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಬಗ್ಗೆ ಏನು ಹೇಳಿಕೊಡಲಿ?

ಉತ್ತರ: ನಿಮ್ಮ ಶಾಲೆಯಿಂದ ಮಿರ್ಜಾನ್ ಕೋಟೆ ದೂರವಿಲ್ಲ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಅಲ್ಲಿಂದ ಆರಂಭಿಸಬಹುದು, ಅಲ್ಲಿಯೇ ನಿಲ್ಲಬೇಡಿ. ರಾಣಿಯರ ಇತಿಹಾಸ ಹೇಗಾದರೂ ಉಳಿದುಕೊಳ್ಳುತ್ತದೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು, ಮುಂದಿನ ವರ್ಷಗಳಲ್ಲಿ ಅಂಕೋಲಾ, ಸಿದ್ದಾಪುರ ಭಾಗದ ರೈತರು ಕಂದಾಯ ಕೊಡದೆ ಜಮೀನು ಕಳೆದುಕೊಂಡರು. ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯೆದುರು ಸಿದ್ದಾಪುರ ಸೀಮೆಯ ಹೆಂಗಸರು ಉಪವಾಸ ಕುಳಿತರು. ಅವರ ನೆನಪಿಗೆ ಮಾವಿನಗುಂಡಿಯಲ್ಲಿ ಸ್ಮಾರಕವಿದೆ. ಜೋಗಕ್ಕೆ ಪ್ರವಾಸ ಹೋದಾಗ ಬಸ್ಸನ್ನು ಅಲ್ಲಿ ನಿಲ್ಲಿಸಿ.

ಹಾಲಕ್ಕಿ ಸಮುದಾಯದ ಇಬ್ಬರನ್ನು ಮಕ್ಕಳು ಟಿವಿಯಲ್ಲಿ ನೋಡಿರುತ್ತಾರೆ. ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರು ನೂರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಹಾಡುಗಾರ್ತಿ ಎಂಬುದರ ಜೊತೆಗೆ, ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿ ನಿಲ್ಲಿಸಿದವರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಹೊನ್ನಳ್ಳಿಯ ತುಳಸಿ ಗೌಡ ಅವರು ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದು ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು ದೇಶವೇ ನೋಡಿತು; 2024ರ ಡಿಸೆಂಬರಿನಲ್ಲಿ ಅವರೂ ಹೋದರು. ಆ ಚಿತ್ರವನ್ನು ಗೋಡೆಗೆ ಅಂಟಿಸುವುದರ ಜೊತೆಗೆ, ಆಕೆ ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಯಾವುದು ತಾಯಿಮರ ಎಂಬುದನ್ನು ಬಲ್ಲವರಾಗಿ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿಯ ಮೇಲೆ ದುಡಿದ ಬಳಿಕ ಕಾಯಂ ಆದವರೆಂಬುದನ್ನೂ ಮಕ್ಕಳಿಗೆ ಹೇಳಿ. ಓದಿದವರೂ ಬಂದು ಕೇಳುವಷ್ಟು ತಿಳಿವಳಿಕೆಯಿದ್ದವರು ಅಷ್ಟು ವರ್ಷ ದಿನಗೂಲಿಯಾಗಿ ಏಕೆ ಉಳಿದರು ಎಂದು ಒಂಬತ್ತನೆಯ ತರಗತಿಯ ಮಕ್ಕಳು ಕೇಳಲಿ, ಚರ್ಚಿಸಲಿ. ಆ ಪ್ರಶ್ನೆಗೆ ಹೆದರಬೇಡಿ.

ಬಳಿಕ ಮನೆಯಲ್ಲಿಯೋ ಕೇರಿಯಲ್ಲಿಯೋ ಇರುವ, ದುಡಿದ ಒಬ್ಬ ಹೆಂಗಸಿನ ಬಳಿ ಪ್ರತಿ ಮಗುವೂ ಕುಳಿತು, ಮೊದಲ ಕೂಲಿ ಎಷ್ಟಿತ್ತು, ಯಾರ ಕೈಗೆ ಬಂತು, ಅದೇ ಕೆಲಸಕ್ಕೆ ಗಂಡಸರಿಗೆ ಎಷ್ಟು ಕೊಡುತ್ತಿದ್ದರು, ಕೂಸನ್ನು ಎಲ್ಲಿ ಬಿಟ್ಟು ಹೋಗುತ್ತಿದ್ದರು ಎಂದು ಕೇಳಿ ಬರೆದುಕೊಂಡು ಬರಲಿ. ಮೀನುಗಾರರ ಮಕ್ಕಳು, ಹಾಲಕ್ಕಿ ಮಕ್ಕಳು, ಸಿದ್ದಿ ಮಕ್ಕಳು ತರುವ ಬರಹಗಳನ್ನು ಅವರು ಕೇಳಿಸಿಕೊಂಡ ಭಾಷೆಯಲ್ಲಿಯೇ ಇರಿಸಿ, ಪುಸ್ತಕ ಭಾಷೆಗೆ ತಿದ್ದಬೇಡಿ. ಹೇಳಿದವರ ಪೂರ್ತಿ ಹೆಸರು, ಊರು, ತಾರೀಖು ಹಾಳೆಯ ತಲೆಯ ಮೇಲಿರಲಿ, ಅವರ ಒಪ್ಪಿಗೆ ಕೇಳಿಯೇ ಬರೆಯಲಿ. ಹಾಳೆಗಳನ್ನು ಹೊಲಿದು ಶಾಲೆಯ ಗ್ರಂಥಾಲಯದಲ್ಲಿ ಇಡಿ, ಮುಂದಿನ ವರ್ಷದ ತರಗತಿಯವರು ಅದಕ್ಕೆ ಸೇರಿಸಲಿ. ಒಂದು ಪ್ರತಿಯನ್ನು ಈ ಪತ್ರಿಕೆಗೂ ಕಳಿಸಿದರೆ, ಆಯ್ದ ಕೆಲವನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುವಂತೆ ಸಂಪಾದಕರನ್ನು ಕೇಳುತ್ತೇನೆ.